ಸೋರುವುದು ಒಂದು ಕಡೆ, ಕೆಟ್ಟಿರುವುದು ಇನ್ನೊಂದು ಕಡೆ

ಬೆಳಗಿನ ಏಳೂವರೆ. ಮಾರ್ಗಶಿರದ ಚಳಿ ಇನ್ನೂ ಬಿಟ್ಟಿಲ್ಲ. ವಿರೂಪಾಪುರಗಡ್ಡೆಯ ಒಂದು ಮನೆಯ ಅಂಗಳದಲ್ಲಿ, ಬಿಳಿ ಮಾರುತಿ ಓಮ್ನಿಯ ಪಕ್ಕ ನೀವು ಕುಕ್ಕರಗಾಲಲ್ಲಿ ಕೂತಿದ್ದೀರಿ. ಎದುರಿಗೆ ಬಾಳೆತೋಟ, ಅದರಾಚೆ ಬಂಡೆಗಳ ನಡುವೆ ತುಂಗಭದ್ರೆ, ಆಚೆ ದಂಡೆಯಲ್ಲಿ ವಿರೂಪಾಕ್ಷನ ಗೋಪುರ. ಗೋಪುರ ಕಣ್ಣಳತೆಯಲ್ಲೇ ಇದೆ. ಗಾಡಿ ಅಲ್ಲಿಗೆ ಹೋಗಬೇಕೆಂದರೆ ಮಾತ್ರ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ ದಾಟಿ ಕಡೇಬಾಗಿಲು–ಬುಕ್ಕಸಾಗರ ಸೇತುವೆ ಹಿಡಿದು ಸುತ್ತು ಹಾಕಬೇಕು. ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಜೀವ ತೆಗೆದದ್ದನ್ನು ಈ ಭಾಗದವರು ಇನ್ನೂ ಮರೆತಿಲ್ಲ. ಇಲ್ಲಿ ಗಾಡಿ ಕೆಟ್ಟರೆ ಬಿಡಿಭಾಗವೂ ಬರಬೇಕು, ಮಿಸ್ತ್ರಿಯೂ ಬರಬೇಕು, ಎರಡೂ ಗಂಗಾವತಿಯಿಂದ.

ಮಿಸ್ತ್ರಿ ಬಂದಾಗಿದೆ. ಬೈಕಿನ ಹಿಂದೆ ಪಾನಾಗಳ ಚೀಲ ಹಿಡಿದು ಕೂತಿದ್ದ ಹುಡುಗನೂ ಇಳಿದಿದ್ದಾನೆ. ಗಾಡಿಯ ಮಾಲೀಕ ನೆಲ ತೋರಿಸುತ್ತಾರೆ. ಮಣ್ಣಿನ ಮೇಲೆ ಅಂಗೈ ಅಗಲದ ಕಪ್ಪು ಕಲೆ, ಅದರ ನಡುವೆ ರಾತ್ರಿ ಬಿದ್ದ ಹನಿ ಇನ್ನೂ ಮಿರುಗುತ್ತಿದೆ.

"ಮುಂದಿನ ಸೀಲ್ ಹೋಗೇತಿ ಮಿಸ್ತ್ರಿ. ಹ್ವಾದ ವರ್ಷಾನೂ ಅದನ್ನ ಹಾಕ್ಸಿದ್ದೆ. ಹನುಮಮಾಲೆಗೆ ಮಂದಿ ಬರಾಕ ಹತ್ತತಾರ, ಇವತ್ತ ಗಾಡಿ ಕೊಟ್ಟಬಿಡ್ರಿ."

ಮಿಸ್ತ್ರಿ ಉತ್ತರ ಕೊಡುವುದಿಲ್ಲ. ಒಂದು ವರ್ಷಕ್ಕೆ ಎರಡನೇ ಸೀಲ್ ಎಂಬ ಮಾತು ಅವರ ಕಿವಿಗೆ ಬಿದ್ದಿದೆ. ಕ್ರ್ಯಾಂಕ್‌ನ ಮುಂದಿನ ಸೀಲ್ ಹಾಗೆ ವರ್ಷಕ್ಕೊಂದು ಬೇಡುವ ವಸ್ತುವಲ್ಲ. ಸರಿಯಾಗಿ ಕೂರಿಸಿದ್ದು ವರ್ಷಗಟ್ಟಲೆ ಬಾಳುತ್ತದೆ.

"ಎಲ್ಲಿಂದ ಬರ್ತೈತಿ ಅನ್ನೋದು ಮೊದಲ ನೋಡೂಣು" ಎಂದು ಅವರು ಬಾಗಿಲು ತೆಗೆದು ಸೀಟು ಎತ್ತುತ್ತಾರೆ.

ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದ ಗಾಡಿ ಇದು, 796 ಸಿಸಿ, ಮೂರು ಸಿಲಿಂಡರ್. 2019ರಲ್ಲಿ ತಯಾರಿಕೆ ನಿಂತಿದೆ, ಆದರೂ ಈ ಕಡೆಯ ಹಳ್ಳಿಗಳಲ್ಲಿ ಅದರ ಓಡಾಟ ನಿಂತಿಲ್ಲ. ಸೀಟು ಎತ್ತಿದೊಡನೆ ಕಾದು ಆರಿದ ಎಣ್ಣೆಯ ವಾಸನೆ ನಿಮ್ಮ ಮುಖಕ್ಕೆ ಬಡಿಯುತ್ತದೆ. ಎಂಜಿನ್ನಿನ ಮುಂಭಾಗವೆಲ್ಲ ಜಿಡ್ಡು. ಜಿಡ್ಡಿನ ಮೇಲೆ ರಸ್ತೆಯ ಕೆಂಪು ಧೂಳು, ಧೂಳಿನೊಳಗೆ ಭತ್ತದ ಹೊಟ್ಟು. ಗಂಗಾವತಿ ಸೀಮೆಯಲ್ಲಿ ಕೊಯ್ಲು ಮುಗಿಯುವ ಕಾಲ, ಗಾಳಿಯಲ್ಲೇ ಹೊಟ್ಟು ತೇಲುತ್ತದೆ.

ಎಣ್ಣೆ ಮೇಲಿಂದ ಕೆಳಗೆ ಹರಿಯುತ್ತದೆ, ಎಂಜಿನ್ ತಿರುಗುವಾಗ ಪುಲ್ಲಿ ಅದನ್ನು ಸುತ್ತಲೂ ಎರಚುತ್ತದೆ. ಹಾಗಾಗಿ ಹನಿ ಬೀಳುವ ಜಾಗ ನೋಡಿ ಸೋರಿಕೆಯ ಬಾಯಿ ಹೇಳಲಾಗದು. ಹೆಡ್ ಕವರಿನ ಪ್ಯಾಕಿಂಗ್ ಹೋಗಿದ್ದರೂ ಎಣ್ಣೆ ಕೊನೆಗೆ ತೊಟ್ಟಿಕ್ಕುವುದು ಇದೇ ಮೂಲೆಯಿಂದ. ಕ್ಯಾಮ್ ಸೀಲ್ ಹೋಗಿದ್ದರೂ ಇಲ್ಲಿಂದಲೇ, ಆಯಿಲ್ ಪಂಪಿನ ಪ್ಯಾಕಿಂಗ್ ಹೋಗಿದ್ದರೂ ಇಲ್ಲಿಂದಲೇ. ಹುಡುಗ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮುಂಭಾಗವನ್ನು ತಿಕ್ಕುತ್ತಾನೆ, ತೊಳೆದ ಎಣ್ಣೆ ಕೆಳಗಿಟ್ಟ ತಗಡಿನ ಬುಟ್ಟಿಗೆ ಬೀಳುತ್ತದೆ. ಬನಿಯನ್ ವೇಸ್ಟಿನಿಂದ ಒರೆಸಿ, ಒಣಗಲು ಬಿಟ್ಟು, ಮಿಸ್ತ್ರಿ ಮಕ್ಕಳಿಗೆ ಹಚ್ಚುವ ಪೌಡರಿನ ಡಬ್ಬಿ ಕೇಳುತ್ತಾರೆ. ಮನೆಯೊಳಗಿಂದ ಡಬ್ಬಿ ಬರುತ್ತದೆ. ಹೆಡ್ ಕವರಿನ ಅಂಚು, ಕ್ಯಾಮಿನ ಕೆಳಗೆ, ಕ್ರ್ಯಾಂಕ್ ಪುಲ್ಲಿಯ ಹಿಂದೆ ಪೌಡರ್ ಉದುರಿಸಿ ಎಂಜಿನ್ ಚಾಲೂ ಮಾಡುತ್ತಾರೆ.

ಈಗ ನೀವು ಟಾರ್ಚ್ ಹಿಡಿದು ಬಗ್ಗಿದ್ದೀರಿ. ಐದು ನಿಮಿಷ ಏನೂ ಕಾಣದು. ಆಮೇಲೆ ಪುಲ್ಲಿಯ ಹಿಂದಿನ ಬಿಳಿ ಪುಡಿಯಲ್ಲಿ ಸಣ್ಣದೊಂದು ಕಂದು ಗೆರೆ ಮೂಡುತ್ತದೆ, ನಿಮ್ಮ ಕಣ್ಣೆದುರೇ ದಪ್ಪವಾಗುತ್ತದೆ. ಮೇಲಿನ ಪುಡಿಯೆಲ್ಲ ಒಣಗಿಯೇ ಇದೆ. ಮಾಲೀಕರು ಹೇಳಿದ್ದು ಸರಿ, ಸೋರುತ್ತಿರುವುದು ಮುಂದಿನ ಸೀಲೇ.

ಆದರೆ ಮಿಸ್ತ್ರಿ ಎಂಜಿನ್ ನಿಲ್ಲಿಸುವುದಿಲ್ಲ. ಮೇಲಿನ ಎಣ್ಣೆ ಮುಚ್ಚಳ ಬಿಚ್ಚಿ ಬಾಯಿಯ ಮೇಲೆ ಅಂಗೈ ಮುಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ಅಂಗೈ ಅಲುಗುತ್ತದೆ. ಒಳಗಿಂದ ಯಾರೋ ದೂಡಿದಂತೆ ಗಾಳಿ ಎತ್ತುತ್ತಿದೆ. "ಕೈ ಇಡ್ರಿ ಸರ" ಎನ್ನುತ್ತಾರೆ ನಿಮಗೆ. ನೀವು ಇಡುತ್ತೀರಿ. ಬೆಚ್ಚನೆ ಉಸಿರು, ಅದರಲ್ಲಿ ಒತ್ತಡ.

"ಇದ ನೋಡ್ರಿ ಮೂಲ. ಹತ್ತೊಂಬತ್ತನೇ ಗೇಟ್ ಹೋದಾಗ ನೋಡೀರಿಲ್ಲ? ಗೇಟಿಗೆ ಏನಾಗಿತ್ತು? ಕಡದಿದ್ದು ಚೈನು. ಹೋಗಿದ್ದು ಗೇಟು."

ಈ ಅಂಗಳದಲ್ಲಿ ಆ ಮಾತಿಗೆ ವಿವರಣೆ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಮೇಲ್ಗಡೆಯ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಹರಿಯಿತು. ಸ್ಟಾಪ್‌ಲಾಗ್ ಇಳಿಸಿ ಬಾಯಿ ಮುಚ್ಚುವವರೆಗೆ ನಾಲ್ಕೈದು ಜಿಲ್ಲೆಗಳ ರೈತರು ನಿದ್ದೆ ಮಾಡಲಿಲ್ಲ. ಎಂಜಿನ್ನಿಗೂ ಒಂದು ಒಳ ಒತ್ತಡವಿದೆ. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಹೊಗೆಗಾಳಿ ಕೆಳಗಿನ ಎಣ್ಣೆ ತೊಟ್ಟಿಗೆ ಇಳಿಯುತ್ತಲೇ ಇರುತ್ತದೆ, ಹೊಸ ಎಂಜಿನ್ನಿನಲ್ಲೂ. ಅದು ಹೊರಗೆ ಹೋಗಲಿ ಎಂದೇ ಹೆಡ್ ಕವರಿನಿಂದ ಏರ್ ಫಿಲ್ಟರಿಗೆ ಒಂದು ರಬ್ಬರ್ ಪೈಪ್ ಇಟ್ಟಿರುತ್ತಾರೆ, ಅದೇ ಬ್ರೀದರ್. ಆ ದಾರಿ ಕಟ್ಟಿದರೆ ಗಾಳಿ ಬೇರೆ ದಾರಿ ಹುಡುಕುತ್ತದೆ. ಎಲ್ಲಕ್ಕಿಂತ ಮೆತ್ತಗಿನ ಗೋಡೆ ಸೀಲಿನ ತುಟಿ.

ಎಂಜಿನ್ ಆರಲಿ ಎಂದು ಬಿಟ್ಟಿದ್ದಾರೆ. ಒಳಗಿಂದ ಚಾ ಬರುತ್ತದೆ. ಮಾಲೀಕರು ಹಳೆಯದನ್ನು ನೆನೆಯುತ್ತಾರೆ. ಗಡ್ಡೆಯಲ್ಲಿ ಗುಡಿಸಲು, ಹೋಟೆಲು, ರೆಸಾರ್ಟುಗಳು ತುಂಬಿದ್ದ ದಿನಗಳಲ್ಲಿ ಗಾಡಿ ಹುಬ್ಬಳ್ಳಿಗೆ, ಗೋವಾಕ್ಕೆ ಹೋಗುತ್ತಿತ್ತು. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಪ್ರವಾಸಿಗರು ಗಡ್ಡೆಯಲ್ಲಿ ಸಿಕ್ಕಿಬಿದ್ದು ದೋಣಿ, ಹೆಲಿಕಾಪ್ಟರುಗಳಲ್ಲಿ ಪಾರಾದರು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಗಡ್ಡೆಯ ಈ ಕಟ್ಟಡಗಳ ತೆರವಿನ ಕುರಿತ ಹೈಕೋರ್ಟಿನ ಆದೇಶವನ್ನು ಎತ್ತಿಹಿಡಿಯಿತು, ಮಾರ್ಚಿನಲ್ಲಿ ಕಟ್ಟಡಗಳು ತೆರವಾದವು. ವಿಶ್ವಪರಂಪರೆಯ ಪ್ರದೇಶವನ್ನು ಉಳಿಸಿಕೊಳ್ಳಬೇಕು ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ, ದುಡಿಮೆ ಕಳೆದುಕೊಂಡವರ ಸಂಕಟವೂ ನಿಜ. ಈಗ ಈ ಓಮ್ನಿಯ ಕೆಲಸ ಬೇರೆ ಥರ. ಸಾಣಾಪುರ ಕೆರೆಯಿಂದ ಅಂಜನಾದ್ರಿಯ ಬುಡಕ್ಕೆ ಮಂದಿ ಬಿಡುವುದು, 575 ಮೆಟ್ಟಿಲು ಹತ್ತಿ ಇಳಿದವರನ್ನು ಆನೆಗೊಂದಿಗೆ ಮುಟ್ಟಿಸುವುದು. ಎಲ್ಲ ನಾಲ್ಕೈದು ಕಿಲೋಮೀಟರಿನ ಓಟ.

ಮಿಸ್ತ್ರಿ ಲೋಟ ಕೆಳಗಿಡುತ್ತಾರೆ. "ಹಂಗ ಅನ್ರಿ ಮತ್ತ."

ಅವರಿಗೆ ಸಿಕ್ಕಿತು. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ರಿಂಗ್ ದಾಟಿ ಎಣ್ಣೆಗೆ ಸೇರುತ್ತದೆ. ಹುಬ್ಬಳ್ಳಿಯವರೆಗೆ ಓಡುವ ಗಾಡಿಯ ಎಣ್ಣೆ ಚೆನ್ನಾಗಿ ಕಾದು ಆ ನೀರು ಆವಿಯಾಗಿ ಬ್ರೀದರಿನಿಂದ ಹೊರಟುಹೋಗುತ್ತದೆ. ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಎಣ್ಣೆ ಪೂರ್ತಿ ಕಾಯುವುದೇ ಇಲ್ಲ. ನೀರು ಒಳಗೇ ಉಳಿದು, ಎಣ್ಣೆಯೊಂದಿಗೆ ಕಲಸಿ, ಬೂದು ಬಣ್ಣದ ಜಿಡ್ಡಾಗಿ ತಣ್ಣನೆಯ ಜಾಗದಲ್ಲಿ ಅಂಟುತ್ತದೆ. ಅತ್ಯಂತ ತಣ್ಣನೆಯ ಜಾಗ ಬ್ರೀದರ್ ಪೈಪು.

ಹುಡುಗ ಪೈಪ್ ಎಳೆದು ತರುತ್ತಾನೆ. ನೀವು ಬೆಳಕಿಗೆ ಹಿಡಿದು ನೋಡುತ್ತೀರಿ, ಆಚೆಯ ಆಕಾಶ ಕಾಣುವುದಿಲ್ಲ. ತಂತಿ ತೂರಿಸಿದರೆ ಬೆಣ್ಣೆಯಂಥ ಬೂದು ಮುದ್ದೆ ಹೊರಬರುತ್ತದೆ. ಹೋದ ವರ್ಷ ಸೀಲ್ ಹಾಕಿದಾಗ ಈ ಪೈಪನ್ನು ಯಾರೂ ಮುಟ್ಟಿಲ್ಲ. ಸೋರುತ್ತಿದೆ ಎಂದು ಮಾಲೀಕರು ಮೇಲಿಂದ ಮೇಲೆ ಎಣ್ಣೆ ಸುರಿದದ್ದೂ ಕೆಲಸ ಕೆಡಿಸಿದೆ. ಗೇಜ್ ಕಡ್ಡಿಯಲ್ಲಿ ಎಣ್ಣೆ ಮೇಲಿನ ಗೆರೆ ದಾಟಿ ಒಂದು ಬೆರಳು ಮೇಲಿದೆ.

ಕಾರಣ ಸಿಕ್ಕ ಮೇಲೆಯೇ ಪಾನಾ ಕೈಗೆ ಬರುತ್ತದೆ. ಬ್ಯಾಟರಿಯ ಒಂದು ತಂತಿ ಬಿಚ್ಚಿ, ಜಾಕಿ ಎತ್ತಿ, ಎರಡೂ ಬದಿಗೆ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಗಳಿಗೆ ಮರದ ತುಂಡು ಒಡ್ಡುತ್ತಾರೆ. ಗಡ್ಡೆಯಲ್ಲಿ ಕಲ್ಲಿಗೇನೂ ಬರವಿಲ್ಲ, ಎತ್ತಿದ ಗಾಡಿಗೆ ಕಲ್ಲಿನ ಆಸರೆ ಕೊಡುವ ರೂಢಿಯೂ ಉಂಟು. ಭಾರಕ್ಕೆ ಕಲ್ಲು ಯಾವ ಗಳಿಗೆಯಲ್ಲಾದರೂ ಸೀಳುತ್ತದೆ. ಕಲ್ಲು ನಂಬಿ, ಬರೀ ಜಾಕಿ ನಂಬಿ ಯಾರೂ ಗಾಡಿಯ ಕೆಳಗೆ ತೂರಬಾರದು.

ಎಣ್ಣೆ ಇಳಿಸಿ, ಬೆಲ್ಟ್ ಸಡಿಲಿಸಿ, ಪುಲ್ಲಿಯ ಸಣ್ಣ ಬೋಲ್ಟುಗಳನ್ನು ತೆಗೆದು, ಟೈಮಿಂಗ್ ಕವರ್ ಬಿಚ್ಚುವವರೆಗೆ ಹೇಳುವಂಥದ್ದು ಹೆಚ್ಚಿಲ್ಲ. ಕವರ್ ಬಿಟ್ಟಾಗ ಮಾತ್ರ ಮಿಸ್ತ್ರಿ ನಿಮ್ಮನ್ನು ಹತ್ತಿರ ಕರೆಯುತ್ತಾರೆ. ಟೈಮಿಂಗ್ ಬೆಲ್ಟ್ ಎಣ್ಣೆ ಕುಡಿದು ಉಬ್ಬಿದೆ. ಉಗುರಿನಿಂದ ಒತ್ತಿದರೆ ಹಲ್ಲಿನ ಬುಡ ಮೆತ್ತಗಿದೆ. ಬರೀ ಸೀಲ್ ಬದಲಿಸಿ ಇದನ್ನೇ ವಾಪಸ್ ಹಾಕಿದ್ದರೆ, ಅಂಜನಾದ್ರಿಯ ಜನಜಂಗುಳಿಯ ನಡುವೆ ಒಂದು ದಿನ ಹಲ್ಲು ಕಳಚಿ ಗಾಡಿ ಅಲ್ಲೇ ನಿಲ್ಲುತ್ತಿತ್ತು. ಹೊಸ ಬೆಲ್ಟ್ ಚೀಲದಲ್ಲಿದೆ. ಎಣ್ಣೆ ಸೋರುತ್ತದೆ ಎಂದು ಫೋನಿನಲ್ಲಿ ಕೇಳಿದಾಗಲೇ ಅವರು ಗಂಗಾವತಿಯಲ್ಲಿ ಕೊಂಡಿದ್ದರು.

ಹಳೆಯದನ್ನು ತೆಗೆಯುವ ಮುಂಚೆ ಎಂಜಿನ್ನನ್ನು ಕೈಯಿಂದ ತಿರುಗಿಸಿ ಗುರುತು ಕೂಡಿಸುತ್ತಾರೆ. ಕ್ಯಾಮ್ ಗಾಲಿಯ ಗುರುತು ತನ್ನ ಗುರುತಿಗೆ, ಕ್ರ್ಯಾಂಕ್ ಗಾಲಿಯ ಚುಕ್ಕೆ ತನ್ನ ಬಾಣಕ್ಕೆ. ಮೇಲೆ ಬಿಳಿ ಬಣ್ಣದ ಒಂದೊಂದು ಗೀಟು. ಆಮೇಲೆ ನಡುವಿನ ದೊಡ್ಡ ಬೋಲ್ಟು. ಅದು ಜಗ್ಗುವುದಿಲ್ಲ. ಹುಡುಗ ಟಾಪ್ ಗೇರ್ ಹಾಕಿ ಬ್ರೇಕ್ ಮೆಟ್ಟಿ ಕೂರುತ್ತಾನೆ. ಮಿಸ್ತ್ರಿ ಗೋಟಿ ಪಾನಾಕ್ಕೆ ಉದ್ದನೆಯ ಪೈಪ್ ತೊಡಿಸಿ ಮೈಭಾರ ಹಾಕುತ್ತಾರೆ. "ಟಕ್" ಎಂದು ಒಂದು ಸದ್ದು, ಬೋಲ್ಟು ಬಿಟ್ಟಿತು.

ಹಲ್ಲುಗಾಲಿ ಬಂತು, ಅದನ್ನು ದಂಡಕ್ಕೆ ಹಿಡಿದಿದ್ದ ಚಾವಿ ಬಂತು. ಈಗ ಕಾಣುತ್ತದೆ ಆ ವಸ್ತು. ಆಯಿಲ್ ಪಂಪಿನ ಮುಖದಲ್ಲಿ ಕೂತ ಕಪ್ಪು ರಬ್ಬರಿನ ಬಳೆ, ನಡುವೆ ಕ್ರ್ಯಾಂಕ್‌ನ ಉಕ್ಕಿನ ಮೂತಿ. ಸೋರಿಕೆಯ ಎಲ್ಲ ರಾದ್ಧಾಂತ ನಡೆದಿರುವುದು ಆ ಬಳೆಯ ಕೂದಲೆಳೆಯಷ್ಟು ಅಂಚಿನಲ್ಲಿ. 30 ಮಿಲಿಮೀಟರ್ ದಪ್ಪದ ದಂಡವೊಂದು ನಿಮಿಷಕ್ಕೆ 3,000 ಸುತ್ತು ಸುತ್ತಿದರೆ, ಸೀಲಿನ ತುಟಿಯ ಕೆಳಗೆ ಸೆಕೆಂಡಿಗೆ ಸುಮಾರು 4.7 ಮೀಟರ್ ಉಕ್ಕು ಹಾದುಹೋಗುತ್ತದೆ. ಇಷ್ಟು ಉಜ್ಜಾಟದಲ್ಲಿ ತುಟಿ ಸುಡದೆ ಇರುವುದು ಅದರ ಕೆಳಗೆ ಉಳಿಯುವ ತೆಳ್ಳನೆಯ ಎಣ್ಣೆಯ ಪೊರೆಯಿಂದ. ಎಣ್ಣೆಯನ್ನು ಒಳಗೇ ಹಿಡಿಯಬೇಕು, ಆದರೆ ತುಟಿಯನ್ನು ತೋಯಿಸುವಷ್ಟು ಬಿಡಲೂ ಬೇಕು. ಇಷ್ಟು ಅಗ್ಗದ ಒಂದು ರಬ್ಬರು ಇಷ್ಟು ನಾಜೂಕಿನ ಕೆಲಸವನ್ನು ವರ್ಷಗಟ್ಟಲೆ ಮಾಡುತ್ತದೆಂದರೆ ಅದನ್ನು ರೂಪಿಸಿದವರಿಗೆ ಕೈ ಮುಗಿಯಬೇಕು.

ಹಳೆಯ ಸೀಲ್ ಎಷ್ಟು ಆಳಕ್ಕೆ ಕೂತಿದೆ ಎಂದು ಮಿಸ್ತ್ರಿ ಸ್ಟೀಲ್ ಪಟ್ಟಿಯಲ್ಲಿ ಅಳೆಯುತ್ತಾರೆ. ತೆಗೆಯುವಾಗ ಅವರ ಇಡೀ ಮೈ ನಿಧಾನವಾಗುತ್ತದೆ. ಚೂಪು ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಸೀಲ್ ಬರುತ್ತದೆ ನಿಜ, ಆದರೆ ಅದರ ಮೂತಿ ಉಕ್ಕಿಗೆ ತಗುಲಿ ಒಂದು ಗೀರು ಬಿದ್ದರೆ ಮುಂದೆ ಎಷ್ಟು ಹೊಸ ಸೀಲ್ ಹಾಕಿದರೂ ಎಣ್ಣೆ ಆ ಗೀರಿನಲ್ಲೇ ಹರಿದುಬರುತ್ತದೆ. ಅವರು ಸೀಲಿನ ಮೈಗೆ, ದಂಡದಿಂದ ದೂರಕ್ಕೆ, ಸಣ್ಣ ಸ್ಕ್ರೂ ತಿರುಗಿಸಿ ಇಕ್ಕಳದಿಂದ ಹಿಡಿದು ನೇರಕ್ಕೆ ಎಳೆಯುತ್ತಾರೆ. ಒಂದು ಬದಿ ಸ್ವಲ್ಪ, ಎದುರು ಬದಿ ಸ್ವಲ್ಪ. ಬಳೆ ಕೈಗೆ ಬರುತ್ತದೆ.

ನಿಮ್ಮ ಅಂಗೈಗೆ ಅದನ್ನು ಇಡುತ್ತಾರೆ. ವರ್ಷದ ಸೀಲ್, ತುಟಿ ಇನ್ನೂ ಮೆತ್ತಗೇ ಇದೆ. ಶಾಖಕ್ಕೆ ಗಟ್ಟಿಯಾದದ್ದಲ್ಲ, ವಯಸ್ಸಾಗಿ ಸೀಳಿದ್ದಲ್ಲ. ಹಿಂಬದಿಯ ಸಣ್ಣ ಸುರುಳಿ ಸ್ಪ್ರಿಂಗ್ ಮಾತ್ರ ಒಂದು ಕಡೆ ತನ್ನ ಕೊರಕಲಿನಿಂದ ಜಾರಿ, ತುಟಿ ಅಲ್ಲಿ ಹೊರಕ್ಕೆ ಮಗುಚಿಕೊಂಡಿದೆ. ಒಳಗಿನ ಒತ್ತಡ ದೂಡಿದ್ದರ ಗುರುತು.

"ಲೇ ತಮ್ಮಾ, ಉಗರ ಆಡಿಸಿ ನೋಡು" ಎಂದು ಹುಡುಗನಿಗೆ ಹೇಳುತ್ತಾರೆ. ಹುಡುಗ ಉಕ್ಕಿನ ಮೂತಿಯ ಉದ್ದಕ್ಕೂ ಉಗುರು ಎಳೆಯುತ್ತಾನೆ. ಸೀಲಿನ ತುಟಿ ವರ್ಷಾನುಗಟ್ಟಲೆ ಕೂತ ಜಾಗದಲ್ಲಿ ಹೊಳೆಯುವ ಗೆರೆಯಿದೆ, ಉಗುರು ಸಿಕ್ಕುವಷ್ಟು ಆಳವಿಲ್ಲ. ಸಿಕ್ಕಿದ್ದರೆ ದಂಡಕ್ಕೆ ತೆಳು ತೋಳು ತೊಡಿಸಬೇಕಿತ್ತು, ಇಲ್ಲವೇ ಸೀಲನ್ನು ಒಂದು ಮಿಲಿಮೀಟರ್ ಆಚೀಚೆ ಕೂರಿಸಿ ಹೊಸ ಜಾಗ ಕೊಡಬೇಕಿತ್ತು. ಇಲ್ಲಿ ಅದರ ಅಗತ್ಯವಿಲ್ಲ.

ಹೊಸ ಸೀಲಿಗೆ ಇನ್ನೂ ಹೊತ್ತು ಬಂದಿಲ್ಲ. ಕಾಲು ಗಂಟೆ ಬರೀ ಒರೆಸುವುದೇ ಆಗುತ್ತದೆ. ಹೊಳೆಯ ಕಡೆಯಿಂದ ಗಾಳಿ ಎದ್ದಿದೆ, ಕಲ್ಲುಪುಡಿಯ ಧೂಳು ಹಾರುತ್ತಿದೆ. ಆ ಧೂಳಿನ ಒಂದು ಕಾಳು ತುಟಿಯ ಕೆಳಗೆ ಸೇರಿದರೂ ಅದು ಉಕ್ಕನ್ನೇ ತಿನ್ನುತ್ತದೆ. ಹುಡುಗ ಒದ್ದೆ ಗೋಣಿಚೀಲವನ್ನು ಗಾಳಿಗೆ ಅಡ್ಡ ಹಿಡಿಯುತ್ತಾನೆ. ಚಾವಿಯ ಕೊರಕಲಿನ ಚೂಪು ಅಂಚು ತುಟಿಯನ್ನು ಕೊಯ್ಯದಂತೆ ಮಿಸ್ತ್ರಿ ಅದರ ಮೇಲೆ ಟೇಪ್ ಸುತ್ತುತ್ತಾರೆ. ಹೊಸ ಸೀಲಿನ ತುಟಿಗೆ ಬೆರಳಿನಿಂದ ಹೊಸ ಎಂಜಿನ್ ಆಯಿಲ್ ಸವರುತ್ತಾರೆ. ಒಣ ತುಟಿ ಮೊದಲ ನಿಮಿಷದಲ್ಲೇ ಸುಟ್ಟುಹೋಗುತ್ತದೆ. ಸ್ಪ್ರಿಂಗ್ ಇರುವ ಮುಖ ಒಳಕ್ಕೆ, ಎಣ್ಣೆಯ ಕಡೆಗೆ.

ಸೀಲಿನ ಅಂಚಿಗೆ ಸರಿಹೊಂದುವ ಪೈಪಿನ ತುಂಡನ್ನು ಇಟ್ಟು ಮೆಲ್ಲನೆ ಬಡಿಯುತ್ತಾರೆ. ಸುತ್ತಿಗೆ ಅಂಗುಲಕ್ಕಿಂತ ಮೇಲೆ ಏಳುವುದಿಲ್ಲ. ನಾಲ್ಕು ಏಟಿಗೊಮ್ಮೆ ನಿಂತು ಸುತ್ತಲೂ ಬೆರಳಾಡಿಸುತ್ತಾರೆ. ಒಂದು ಕಡೆ ಓರೆಯಾದರೆ ತುಟಿಯ ಬಿಗಿತ ಆ ಕಡೆ ಹೆಚ್ಚಿ ಈ ಕಡೆ ಸಡಿಲವಾಗುತ್ತದೆ. ಸದ್ದು ಬದಲಾಗುತ್ತದೆ, ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು. ಅಳತೆ ಪಟ್ಟಿ ಇಟ್ಟು ನೋಡುತ್ತಾರೆ. ಹಳೆಯದಿದ್ದ ಆಳವೇ. ಸುತ್ತಿಗೆ ಕೆಳಗಿಡುತ್ತಾರೆ.

ಹೊಸ ಬೆಲ್ಟ್ ಕೂರುತ್ತದೆ. ಟೆನ್ಶನರ್ ಬಿಟ್ಟು, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ಪೂರ್ತಿ ತಿರುಗಿಸಿ ಗುರುತು ಮತ್ತೆ ನೋಡುತ್ತಾರೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು, ಆಗ ಎರಡೂ ಮೊದಲಿನ ಜಾಗಕ್ಕೆ ಬರಬೇಕು. ಬಂದಿವೆ. ದೊಡ್ಡ ಬೋಲ್ಟನ್ನು ಅಂದಾಜಿನಲ್ಲಿ ಬಿಗಿಯದೆ ಟಾರ್ಕ್ ಪಾನಾದಿಂದ ಬಿಗಿಯುವುದನ್ನು ಕಂಡು ನಿಮಗೆ ಈ ಮನುಷ್ಯನ ಮೇಲೆ ಗೌರವ ಹೆಚ್ಚುತ್ತದೆ. ತೊಳೆದು ಒಣಗಿಸಿದ ಬ್ರೀದರ್ ಪೈಪನ್ನು ಹಾಕುವ ಮುಂಚೆ ಬಾಯಿಟ್ಟು ಊದುತ್ತಾರೆ, ಗಾಳಿ ಸರಾಗ. ಹೊಸ ಎಣ್ಣೆ ಗೇಜ್ ಕಡ್ಡಿಯ ಎರಡು ಗೆರೆಗಳ ನಡುವೆ ನಿಲ್ಲುತ್ತದೆ.

ಎಂಜಿನ್ ಹತ್ತಿಕೊಳ್ಳುತ್ತದೆ. ಮಿಸ್ತ್ರಿ ಮತ್ತೆ ಎಣ್ಣೆ ಮುಚ್ಚಳ ತೆಗೆದು ಅಂಗೈ ಇಡುತ್ತಾರೆ, ನಿಮಗೂ ಕರೆ ಬರುತ್ತದೆ. ಈ ಸಲ ಅಂಗೈಯನ್ನು ಯಾರೂ ದೂಡುತ್ತಿಲ್ಲ. ಕೆಳಗೆ ಬಗ್ಗಿ ಟಾರ್ಚ್ ಬಿಡುತ್ತೀರಿ. ಪುಲ್ಲಿಯ ಹಿಂದೆ ಒಣ ಲೋಹ.

ಮಾಲೀಕರಿಗೆ ಈಗ ಒಂದೇ ಚಿಂತೆ, ಬುಟ್ಟಿಯಲ್ಲಿ ತುಂಬಿದ ಕರಿ ಎಣ್ಣೆ. ಬಾಳೆತೋಟದ ಬದುವಿಗೆ ಸುರಿದುಬಿಡಲೇ ಎಂದು ಕೇಳುತ್ತಾರೆ. ಮಿಸ್ತ್ರಿ ಬುಟ್ಟಿಗೆ ಕೈ ಅಡ್ಡ ಇಡುತ್ತಾರೆ. "ಬ್ಯಾಡ್ರಿ ಅಣ್ಣಾರ. ಗಡ್ಡಿ ಇದು. ಇಲ್ಲಿ ಸುರದಿದ್ದು ಹೊಳಿಗೇ ಹೋಗೋದು." ಇಲ್ಲಿ ಮಣ್ಣು ತೆಳು, ಕೆಳಗೆ ಬಂಡೆ, ಬಂಡೆಯ ಸಂದಿಯೆಲ್ಲ ಹೊಳೆಗೇ ತೆರೆದುಕೊಳ್ಳುತ್ತದೆ. ಅಣೆಕಟ್ಟೆಯಿಂದ ಕಂಪ್ಲಿಯವರೆಗಿನ ಈ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ನೀರುನಾಯಿಯ ತುಪ್ಪಳಕ್ಕೆ ಎಣ್ಣೆ ಹತ್ತಿದರೆ ಅದರ ಮೈಬಿಸಿ ನಿಲ್ಲುವುದಿಲ್ಲ. ಕೆಳಗಿನ ಊರುಗಳು ಕುಡಿಯುವುದೂ ಇದೇ ನೀರು, ಭತ್ತದ ಗದ್ದೆ ಕಾಣುವುದೂ ಇದೇ ನೀರು. ಬಳಸಿದ ಎಂಜಿನ್ ಎಣ್ಣೆಯನ್ನು 2016ರ ಕೇಂದ್ರ ನಿಯಮಗಳು ಅಪಾಯಕಾರಿ ತ್ಯಾಜ್ಯದ ಸಾಲಿಗೆ ಸೇರಿಸಿವೆ. ಹುಡುಗ ಎಣ್ಣೆಯನ್ನು ಹಳೆ ಕ್ಯಾನಿಗೆ ಸೋಸಿ ಮುಚ್ಚಳ ಬಿಗಿಯುತ್ತಾನೆ. ಸೀಮೆಎಣ್ಣೆಯ ತೊಳೆನೀರು ಇನ್ನೊಂದು ಕ್ಯಾನಿಗೆ. ಎರಡೂ ಬೈಕಿನ ಮೇಲೆ ಗಂಗಾವತಿಗೆ ಹೋಗುತ್ತವೆ, ಅಲ್ಲಿಂದ ಹಳೆ ಎಣ್ಣೆ ಕೊಳ್ಳುವವರಿಗೆ.

ಹೊರಡುವಾಗ ಮಿಸ್ತ್ರಿ ಮಾಲೀಕರಿಗೆ ಎರಡು ಮಾತು ಹೇಳುತ್ತಾರೆ. ವಾರಕ್ಕೊಮ್ಮೆ ಗಾಡಿಯನ್ನು ಗಂಗಾವತಿಯವರೆಗಾದರೂ ಒಂದೇ ಓಟಕ್ಕೆ ಓಡಿಸಬೇಕು, ಎಣ್ಣೆ ಕಾಯಲಿ. ಗೇಜ್ ಕಡ್ಡಿ ನೋಡದೆ ಎಣ್ಣೆ ಸುರಿಯಬಾರದು.

ನಿಮ್ಮ ಗಾಡಿಯ ಕೆಳಗೂ ಇಂಥ ಕಲೆ ಕಂಡರೆ ಸೀಲಿನ ದರ ಕೇಳುವ ಮುಂಚೆ ಬ್ರೀದರ್ ಪೈಪ್ ಬಿಚ್ಚಿಸಿ ನೋಡಿ. ಸೀಲ್ ಬದಲಿಸಲೇಬೇಕಾದರೆ ಟೈಮಿಂಗ್ ಬೆಲ್ಟನ್ನೂ ಬದಲಿಸಿ. ಇಳಿಸಿದ ಎಣ್ಣೆಯನ್ನು ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೇ ಕೊಡಿ, ನೆಲಕ್ಕೆ ಸುರಿಯಬೇಡಿ.